ಅಟ್ಟ ಸೇರಿದ ವ್ಯಾಕ್ಯೂಮ್ ಕ್ಲೀನರ್

ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ವ್ಯಾಕ್ಯೂಮ್ ಕ್ಲೀನರ್ ಬಳಕೆಗೆ ಬಂದದ್ದು 1980ರ ದಶಕದಲ್ಲಿ. ಅದಕ್ಕೆ ಮೊದಲು ವಿದೇಶದಿಂದ ಮರಳಿದವರ ಸಾಮಾನಿನ ಜೊತೆ ಎಲ್ಲೋ ಒಂದು ಹೂವರ್ ಕಂಪನಿಯ ಯಂತ್ರ ಬಂದಿರಬಹುದು; ಜಯನಗರ, ಬನಶಂಕರಿಯ ಮಧ್ಯಮವರ್ಗ ಹತ್ತಿರದಿಂದ ಕಂಡ ಯಂತ್ರವೆಂದರೆ ಯೂರೋಕ್ಲೀನ್.

ಯಂತ್ರದ ಹುಟ್ಟು ಇನ್ನೂ ಹಿಂದಿನದು. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ರೂಪಿಸಿದ ಯಂತ್ರವನ್ನು ಕುದುರೆಗಳು ಎಳೆಯಬೇಕಿತ್ತು. ಅದು ಬೀದಿಯಲ್ಲೇ ನಿಂತು, ಕಿಟಕಿಯೊಳಗೆ ಹಾಯಿಸಿದ ಉದ್ದನೆಯ ಕೊಳವೆಯಿಂದ ದೂಳು ಹೀರುತ್ತಿತ್ತು. ಅಮೆರಿಕದ ಓಹಾಯೊದಲ್ಲಿ ಕಟ್ಟಡವೊಂದರ ಕಸ ಗುಡಿಸುತ್ತಿದ್ದ, ಉಬ್ಬಸದಿಂದ ಬಳಲುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಕೈಯಿಂದ ತಳ್ಳುವ ವಿದ್ಯುತ್ ಯಂತ್ರಕ್ಕೆ 1908ರಲ್ಲಿ ಪೇಟೆಂಟ್ ಪಡೆದ. ಹೂವರ್ ಕಂಪನಿಯ ಹೆಸರು ಬೆಳೆದದ್ದು ಆ ಪೇಟೆಂಟಿನಿಂದ. 1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್, ನೆಲದ ಮೇಲೆ ಜಾರಿಕೊಂಡು ಹೋಗುವ ಉರುಳೆಯಾಕಾರದ ‘ಮಾಡೆಲ್ ವಿ’ ತಂದಿತು. ಅದೇ ಎಲೆಕ್ಟ್ರೋಲಕ್ಸ್ ಜೊತೆ ಫೋರ್ಬ್ಸ್ ಕಂಪನಿ ಕೈಜೋಡಿಸಿದ್ದರಿಂದ 1982ರಲ್ಲಿ ಭಾರತದಲ್ಲಿ, ಯೂರೋಕ್ಲೀನ್ ಮಾರಿದ ಯುರೇಕಾ ಫೋರ್ಬ್ಸ್ ಆರಂಭವಾಯಿತು.

ಈ ಯಂತ್ರ ಕಾಲಿಟ್ಟ ಜಯನಗರಕ್ಕೆ ಅಡಿಪಾಯ ಬಿದ್ದದ್ದು 1948ರಲ್ಲಿ. ಅಲ್ಲಿನ ಹಳೆಯ ಮನೆಗಳದ್ದು ಕೆಂಪು ಗಾರೆ ನೆಲ, ನಂತರದವುಗಳದ್ದು ಮೊಸಾಯಿಕ್. ಬೆಳಗ್ಗೆ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ರತ್ನಗಂಬಳಿ ಹಾಸಿದ ಮನೆ ಅಪರೂಪ. ರತ್ನಗಂಬಳಿಗಾಗಿ ಹುಟ್ಟಿದ ಯಂತ್ರವನ್ನು ಇಲ್ಲಿ ಮಾರುವುದು ಸುಲಭವಾಗಿರಲಿಲ್ಲ. ಆದ್ದರಿಂದ ಯುರೇಕಾ ಫೋರ್ಬ್ಸ್ ಅಂಗಡಿಯ ಬದಲು ಮನೆ ಬಾಗಿಲನ್ನೇ ನಂಬಿತು. ಟೈ ಕಟ್ಟಿದ ಸೇಲ್ಸ್‌ಮನ್ ಒಳಗೆ ಬಂದು, ಶುಚಿಯಾಗಿದೆ ಎಂದು ಮನೆಯವರು ನಂಬಿದ್ದ ಹಾಸಿಗೆ, ಸೋಫಾದಿಂದ ದೂಳು ಎಳೆದು ತೋರಿಸುತ್ತಿದ್ದ. ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್‌ಗಳಲ್ಲಿ ಆಗಿನ್ನೂ ಮನೆಗಳು ಏಳುತ್ತಿದ್ದವು. ಮರಳು, ಸಿಮೆಂಟಿನ ಪುಡಿಗೆ ಕೊರತೆಯಿರಲಿಲ್ಲ. ಮಾರಾಟ ನಡೆಯಿತು.

ಬಳಕೆ ಮಾತ್ರ ಅಷ್ಟು ನಡೆಯಲಿಲ್ಲ. ಕೊಳವೆ ಜೋಡಿಸಿ, ವೈರ್ ಎಳೆದು, ಆಮೇಲೆ ಚೀಲ ಕೊಡವುವ ಕೆಲಸಕ್ಕಿಂತ ಪೊರಕೆಯೇ ಬೇಗ. ಎಷ್ಟೋ ಯಂತ್ರಗಳು ಹಬ್ಬದ ಮುಂಚಿನ ಶುಚಿಗೆ ಕೆಳಗಿಳಿದು, ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡು, ಮತ್ತೆ ಅಟ್ಟ ಸೇರಿದವು. ಹಳೆಯ ಯಂತ್ರ ಸಂಗ್ರಹಿಸಿ ರಿಪೇರಿ ಮಾಡುವವರಿಗೆ ಇಂಥವೇ ಒಳ್ಳೆಯವು: ಹೆಚ್ಚು ಓಡಿಲ್ಲದ ಮೋಟಾರು ಸವೆದಿರುವುದು ಕಡಿಮೆ.

ಈ ಯಂತ್ರಗಳ ಒಳಗಿರುವುದು ಯೂನಿವರ್ಸಲ್ ಎಂಬ ಬಗೆಯ ಮೋಟಾರು. ಅದು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು, ಆ ವೇಗವೇ ಅದರ ಶತ್ರು. ತಿರುಗುವ ಕಮ್ಯುಟೇಟರ್‌ಗೆ ಒತ್ತಿ ನಿಲ್ಲುವ ಕಾರ್ಬನ್ ಬ್ರಶ್‌ಗಳು ಸವೆಯಲೆಂದೇ ಮಾಡಿದವು. ಗಿಡ್ಡವಾದಾಗ ಬದಲಿಸದಿದ್ದರೆ ಕಿಡಿ ಹಾರಿ ಕಮ್ಯುಟೇಟರ್‌ನ ತಾಮ್ರ ಸುಡುತ್ತದೆ. ಬೇರಿಂಗಿನ ಗ್ರೀಸ್ ಒಣಗಿದ್ದರೆ ಯಂತ್ರ ಕಿರುಚುತ್ತದೆ. ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾದರೆ, ಕೊಳವೆ ಬಿರಿದರೆ ಮೋಟಾರು ಎಷ್ಟೇ ಓಡಿದರೂ ಹೀರುವ ಬಲ ಇರುವುದಿಲ್ಲ. ವರ್ಷಗಟ್ಟಲೆ ಮಲಗಿದ ಯಂತ್ರವನ್ನು ನೇರವಾಗಿ ಪ್ಲಗ್‌ಗೆ ಹಾಕುವುದು ಅಪಾಯ. ಮೊದಲು ಮೆಗ್ಗರ್ ಎಂಬ ಉಪಕರಣದಿಂದ ಇನ್ಸುಲೇಶನ್ ಪರೀಕ್ಷಿಸಬೇಕು, ಒಡೆದ ವೈರ್ ಬದಲಿಸಬೇಕು. ಸುಟ್ಟ ಸುರುಳಿಯನ್ನು ಮೋಟಾರು ರಿವೈಂಡಿಂಗ್ ಬಲ್ಲವರು ಮತ್ತೆ ಸುತ್ತಿಕೊಡಬಲ್ಲರು. ಬಿಡಿಭಾಗ ಹುಡುಕುವವರಿಗೆ ಎಸ್.ಪಿ. ರಸ್ತೆ, ಹಳೆಯ ಯಂತ್ರ ಹುಡುಕುವವರಿಗೆ ಚಿಕ್ಕಪೇಟೆಯ ಭಾನುವಾರದ ಸಂತೆ.

ಅಮೆರಿಕದಿಂದ ಬಂದ ಯಂತ್ರದ ಕಷ್ಟ ಬೇರೆ. ಅಲ್ಲಿನದು 120 ವೋಲ್ಟ್, 60 ಹರ್ಟ್ಸ್. ಇಲ್ಲಿನದು 230 ವೋಲ್ಟ್, 50 ಹರ್ಟ್ಸ್. ಆವರ್ತನದ ವ್ಯತ್ಯಾಸವನ್ನು ಯೂನಿವರ್ಸಲ್ ಮೋಟಾರು ಲೆಕ್ಕಿಸುವುದಿಲ್ಲ, ವೋಲ್ಟೇಜನ್ನು ಮಾತ್ರ ತಾಳುವುದಿಲ್ಲ. ಅದರ ವ್ಯಾಟಿಗೆ ಮೀರಿದ ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಹೊರಮೈಗೆ ಹೊಸ ಬಣ್ಣ ಬಳಿಯುವುದು ಸಂಗ್ರಹಕಾರರ ದೊಡ್ಡ ತಪ್ಪು. ಮೂಲ ಬಣ್ಣ ಗೀಚಿದ್ದರೂ ಉಳಿಯಬೇಕು; ಮಾದರಿ, ಕ್ರಮಸಂಖ್ಯೆ, ವೋಲ್ಟೇಜ್ ಬರೆದ ನಾಮಫಲಕ ಕಿತ್ತರೆ ಯಂತ್ರದ ಗುರುತೇ ಹೋಗುತ್ತದೆ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಕೂಡ ಸೇರಿದೆ. ಹಾಗಾಗಿ ಅಟ್ಟದಲ್ಲಿ ಅಂಥದ್ದೊಂದು ಇರುವ ಮನೆಯವರು ಅದನ್ನು ಗುಜರಿಗೆ ತೂಕಕ್ಕೆ ಹಾಕುವ ಮುನ್ನ ಮೋಟಾರು ಕೈಯಲ್ಲಿ ತಿರುಗುತ್ತದೆಯೇ ನೋಡಲಿ. ತಿರುಗಿದರೆ, ಬಿಲ್ ಮತ್ತು ಕೈಪಿಡಿಯ ಸಮೇತ ರಿಪೇರಿ ಬಲ್ಲವರಿಗೆ ಒಪ್ಪಿಸಲಿ.