ಇಲ್ಲಿ ರಾಜಕೀಯ ಮಾತನಾಡಬಾರದು

ಹಳೇ ಹೋಟೆಲುಗಳಲ್ಲಿ, ಕ್ಷೌರದ ಅಂಗಡಿಗಳಲ್ಲಿ ಗೋಡೆಯ ಮೇಲೊಂದು ಬೋರ್ಡು ಇರುತ್ತಿತ್ತು: ‘ಇಲ್ಲಿ ರಾಜಕೀಯ ಮಾತನಾಡಬಾರದು’. ಕಂಪ್ಯೂಟರ್ ಪ್ರೋಗ್ರಾಮರುಗಳೂ 1987ರ ಹೊತ್ತಿಗೆ ಅಂಥದ್ದೊಂದು ಬೋರ್ಡು ಹಾಕಿಕೊಂಡರು. ಇಂಟರ್‌ನೆಟ್ಟು ಮನೆಮನೆಗೆ ಬರುವ ಎಷ್ಟೋ ಮೊದಲೇ ವಿಶ್ವವಿದ್ಯಾಲಯಗಳ ಯಂತ್ರಗಳ ನಡುವೆ ಓಡಾಡುತ್ತಿದ್ದ ಯೂಸ್‌ನೆಟ್ ಎಂಬ ಚರ್ಚಾಜಾಲವನ್ನು ಆಗ ಹೊಸದಾಗಿ ವಿಂಗಡಿಸಿದರು. ಕಂಪ್ಯೂಟರಿನ ಮಾತೆಲ್ಲ ‘ಕಾಂಪ್’ ಎಂಬ ಕವಲಿಗೆ ಹೋಯಿತು. ರಾಜಕೀಯ, ಧರ್ಮದಂಥ ಎಂದೂ ಮುಗಿಯದ ತಕರಾರುಗಳಿಗೆ ‘ಟಾಕ್’ ಎಂಬ ಬೇರೆ ಕವಲು ಸಿಕ್ಕಿತು. ಇದರ ಹಿಂದೆ ದೊಡ್ಡ ತತ್ವವೇನೂ ಇದ್ದಂತಿಲ್ಲ. ಸಂದೇಶಗಳನ್ನು ಸಾಗರದಾಚೆ ಸಾಗಿಸಲು ದುಡ್ಡು ಬೀಳುತ್ತಿತ್ತು. ಬರೀ ಜಗಳ ತುಂಬಿದ ಗುಂಪುಗಳಿಗೆ ಕಾಸು ಬಿಚ್ಚಲು ಯುರೋಪಿನ ಜಾಲಗಳು ಒಪ್ಪಲಿಲ್ಲ ಎಂದು ಒಂದು ಹೇಳಿಕೆಯಿದೆ. ಪ್ರತ್ಯೇಕ ಕವಲಿದ್ದರೆ ಬೇಡವಾದವರು ಅದನ್ನು ಇಡಿಯಾಗಿ ಕೈಬಿಡಬಹುದಲ್ಲ.

ಬೋರ್ಡು ಉಳಿಯಿತು, ರಾಜಕೀಯವೂ ಉಳಿಯಿತು. ಅಲ್ಲಿಂದೀಚೆಗಿನ ಜಗಳಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಯಾರು ಎಡ, ಯಾರು ಬಲ ಎಂಬುದರಿಂದ ಹುಟ್ಟಿದ ಜಗಳಗಳು ಕಡಿಮೆ. ಒಂದು ಸಾಲು ಕೋಡು, ಒಂದು ಹೆಸರು, ನಕ್ಷೆಯ ಒಂದು ಬಣ್ಣ, ಹೀಗೆ ಯಾರೋ ಒಬ್ಬರು ಕೂತು ‘ಹೀಗಿರಲಿ’ ಎಂದು ತೀರ್ಮಾನಿಸಲೇಬೇಕಾದ ಸಣ್ಣ ಜಾಗಗಳಲ್ಲೇ ದೇಶದೇಶಗಳ ರಾಜಕೀಯ ಒಳಗೆ ನುಗ್ಗಿದೆ.

ಮೊದಲ ದೊಡ್ಡ ಜಟಾಪಟಿ ಅಮೆರಿಕದಲ್ಲಿ, ಗೂಢಲಿಪಿಯ ವಿಷಯಕ್ಕೆ. ಸಾಮಾನ್ಯ ಜನ ತಮ್ಮ ಮಿಂಚಂಚೆಯನ್ನು ಗುಟ್ಟಾಗಿಡಲಿ ಎಂದು ಫಿಲ್ ಝಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಎಂಬ ತಂತ್ರಾಂಶವನ್ನು ಬಿಟ್ಟಿಯಾಗಿ ಹಂಚಿದರು. ಆದರೆ ಬಲವಾದ ಗೂಢಲಿಪಿ ಆಗಿನ ಅಮೆರಿಕದ ಕಾನೂನಿನಲ್ಲಿ ಯುದ್ಧಸಾಮಗ್ರಿ. ಕ್ಷಿಪಣಿಯಂತೆಯೇ ಅದನ್ನೂ ಅನುಮತಿಯಿಲ್ಲದೆ ರಫ್ತು ಮಾಡುವಂತಿರಲಿಲ್ಲ. ಪಿಜಿಪಿ ಹೇಗೋ ದೇಶ ದಾಟಿತ್ತು. ಝಿಮ್ಮರ್‌ಮನ್ ಮೇಲೆ 1993ರಲ್ಲಿ ಶುರುವಾದ ಕ್ರಿಮಿನಲ್ ತನಿಖೆ 1996ರ ಜನವರಿಯವರೆಗೆ ಎಳೆದಾಡಿ, ಮೊಕದ್ದಮೆಯಿಲ್ಲದೆ ಮುಗಿಯಿತು. ಈ ನಡುವೆ ನಡೆದದ್ದು ಸೊಗಸಾಗಿದೆ. ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ಹೊರಗೆ ಕಳಿಸಿದರೆ ಅಪರಾಧ. ಪುಸ್ತಕವಾದರೆ ಅದು ವಾಕ್ ಸ್ವಾತಂತ್ರ್ಯ, ಕಸ್ಟಮ್ಸಿನವರು ಮುಟ್ಟುವಂತಿಲ್ಲ. ಹಾಗಾಗಿ 1995ರಲ್ಲಿ ಎಂಐಟಿ ಪ್ರೆಸ್ ಪಿಜಿಪಿಯ ಇಡೀ ಮೂಲ ಕೋಡನ್ನು ಪುಸ್ತಕವಾಗಿ ಅಚ್ಚು ಹಾಕಿತು. ಮುಂದಿನ ಆವೃತ್ತಿಯ ಕೋಡು ಅಚ್ಚಾದ ಹಾಳೆಗಳ ರೂಪದಲ್ಲೇ ಯುರೋಪಿಗೆ ಹೋಯಿತು. ಅಲ್ಲಿನ ಸ್ವಯಂಸೇವಕರು ಆ ಹಾಳೆಗಳನ್ನು ಸ್ಕ್ಯಾನ್ ಮಾಡಿ, ತಪ್ಪು ತಿದ್ದಿ, ಮತ್ತೆ ಪ್ರೋಗ್ರಾಮನ್ನಾಗಿ ಮಾಡಿಕೊಂಡರು. ಬರ್ಕ್‌ಲಿಯ ವಿದ್ಯಾರ್ಥಿಯಾಗಿದ್ದ ಡೇನಿಯಲ್ ಬರ್ನ್‌ಸ್ಟೈನ್ ಇದೇ ನಿಯಮದ ವಿರುದ್ಧ ಸರ್ಕಾರವನ್ನು ಕೋರ್ಟಿಗೆಳೆದರು. ಕೋಡು ಬರೆಯುವುದೂ ಮಾತನಾಡುವುದೇ ಎಂಬ ಅವರ ವಾದವನ್ನು 1999ರಲ್ಲಿ ಮೇಲ್ಮನವಿ ನ್ಯಾಯಾಲಯದ ಪೀಠವೊಂದು ಒಪ್ಪಿತು. ಮರುವರ್ಷ ರಫ್ತಿನ ನಿಯಮಗಳೇ ಸಡಿಲವಾದವು.

ಮುಕ್ತ ತಂತ್ರಾಂಶದ ತಂಡಗಳು ಆಗ ಭೂಗೋಳವನ್ನೇ ಉಪಾಯವಾಗಿ ಬಳಸಿಕೊಂಡವು. ಡೆಬಿಯನ್ ತಂಡ ಗೂಢಲಿಪಿಯ ಪ್ಯಾಕೇಜುಗಳನ್ನು ಅಮೆರಿಕದ ಹೊರಗಿನ ಸರ್ವರಿನಲ್ಲಿ ಬೇರೆಯಾಗಿ ಇಟ್ಟುಕೊಂಡಿತ್ತು. ಓಪನ್‌ಬಿಎಸ್‌ಡಿಯ ಥಿಯೋ ಡಿ ರಾಡ್ಟ್ ಕೆನಡಾದ ಕ್ಯಾಲ್ಗರಿಯಲ್ಲಿ ಕೂತಿದ್ದರಿಂದ ಆ ನಿಯಮ ಅವರನ್ನು ತಟ್ಟಲಿಲ್ಲ. ತಟ್ಟಿದ್ದು ಬೇರೊಂದು. ಅವರ ಕೆಲಸಕ್ಕೆ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ಹಣ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೂಲಕ ಬರುತ್ತಿತ್ತು. 2003ರಲ್ಲಿ ಇರಾಕ್ ಯುದ್ಧ ನಡೆಯುತ್ತಿದ್ದಾಗ ಕೆನಡಾದ ಪತ್ರಿಕೆಯೊಂದಕ್ಕೆ ಅವರು ಯುದ್ಧವನ್ನು ಟೀಕಿಸಿ, ಈ ಹಣ ತನಗೆ ಬಂದರೆ ಅರ್ಧ ಕ್ಷಿಪಣಿಯಾದರೂ ಕಡಿಮೆಯಾದೀತು ಎಂಬರ್ಥದ ಮಾತಾಡಿದರು. ಕೆಲವೇ ದಿನಗಳಲ್ಲಿ ಹಣ ನಿಂತಿತು. ಮಾತಿಗೂ ಹಣ ನಿಂತದ್ದಕ್ಕೂ ಸಂಬಂಧವಿಲ್ಲ ಎಂದರು ಸರ್ಕಾರದವರು. ನಂಬುವವರು ನಂಬಬಹುದು.

ನಕ್ಷೆಯ ಕಥೆ ನಮ್ಮದೇ. ಮೈಕ್ರೋಸಾಫ್ಟಿನಲ್ಲಿ ಭೂರಾಜಕೀಯದ ವಿಷಯ ನೋಡಿಕೊಳ್ಳುತ್ತಿದ್ದ ಟಾಮ್ ಎಡ್ವರ್ಡ್ಸ್ 2004ರಲ್ಲಿ ಅದನ್ನು ಬಹಿರಂಗವಾಗಿ ಹೇಳಿಕೊಂಡರು. ವಿಂಡೋಸ್ 95ರ ಭಾರತದ ನಕ್ಷೆಯಲ್ಲಿದ್ದ ಎಂಟು ಲಕ್ಷ ಪಿಕ್ಸೆಲ್‌ಗಳಲ್ಲಿ ಎಂಟಕ್ಕೆ ಮಾತ್ರ ಬೇರೆ ಹಸಿರು ಬಿದ್ದಿತ್ತು. ಆ ಎಂಟು ಕಾಶ್ಮೀರದಲ್ಲಿದ್ದವು. ಭಾರತ ಸುಮ್ಮನಿರಲಿಲ್ಲ, ಕಂಪನಿ ಎರಡು ಲಕ್ಷ ಪ್ರತಿಗಳನ್ನು ವಾಪಸ್ ಪಡೆಯಬೇಕಾಯಿತು. ಸರ್ವೇ ಆಫ್ ಇಂಡಿಯಾದ ನಕ್ಷೆಗೆ ಹೊಂದದ ನಕ್ಷೆ ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು ಎನ್ನುತ್ತದೆ ನಮ್ಮ ಕಾನೂನು. ಬಣ್ಣ ತುಂಬಿದ ಪ್ರೋಗ್ರಾಮರಿಗೆ ಅದು ಬರೀ ಬಣ್ಣ.

ಇದಕ್ಕಿಂತ ಜಾಣತನದಿಂದ ನಡೆದುಕೊಂಡವರು ಟೈಮ್ ಝೋನ್ ಪಟ್ಟಿಯವರು. ಜಗತ್ತಿನ ಬಹುಪಾಲು ಕಂಪ್ಯೂಟರು, ಫೋನುಗಳು ಗಡಿಯಾರದ ಹೊತ್ತು ಲೆಕ್ಕ ಹಾಕುವುದು ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಶುರು ಮಾಡಿ, ಈಗ ಪಾಲ್ ಎಗರ್ಟ್ ನೋಡಿಕೊಳ್ಳುತ್ತಿರುವ ಒಂದು ಕಡತದಿಂದ. ಅದರಲ್ಲಿ ವಲಯಗಳಿಗೆ ದೇಶದ ಹೆಸರಿಲ್ಲ, ಊರಿನ ಹೆಸರು. ದೇಶಗಳು ಒಡೆಯುತ್ತವೆ, ಹೆಸರು ಬದಲಿಸುತ್ತವೆ, ಒಂದೇ ನೆಲವನ್ನು ಇಬ್ಬರು ತಮ್ಮದೆನ್ನುತ್ತಾರೆ. ಊರು ಅಲ್ಲೇ ಇರುತ್ತದೆ. ಹೀಗಾಗಿ ಬೆಂಗಳೂರಿನ ಪ್ರೋಗ್ರಾಮರು ಭಾರತೀಯ ಕಾಲಮಾನ ಬೇಕೆಂದರೆ ‘ಏಷ್ಯಾ/ಕೋಲ್ಕತಾ’ ಎಂದು ಬರೆಯುತ್ತಾರೆ. 2008ರವರೆಗೆ ಅದು ‘ಏಷ್ಯಾ/ಕ್ಯಾಲ್ಕಟಾ’ ಆಗಿತ್ತು. ಹಳೆಯ ಹೆಸರನ್ನು ಅಳಿಸಿದರೆ ಎಲ್ಲೋ ಯಾರದ್ದೋ ಪ್ರೋಗ್ರಾಮು ಕೆಡುತ್ತದೆಂದು ಅದನ್ನೂ ಅಡ್ಡಹೆಸರಾಗಿ ಉಳಿಸಿದ್ದಾರೆ. ಕ್ರೋಮ್ ಬ್ರೌಸರಂತೂ ಕೇಳಿದವರಿಗೆ ಬಹಳ ವರ್ಷ ಕ್ಯಾಲ್ಕಟಾ ಎಂದೇ ಹೇಳುತ್ತ ಬಂತು.

ಊರಿನ ಹೆಸರಿಟ್ಟರೆ ರಾಜಕೀಯ ತಪ್ಪೀತು ಎಂಬ ಲೆಕ್ಕ ಉಕ್ರೇನಿನಲ್ಲಿ ಕೈಕೊಟ್ಟಿತು. ರಷ್ಯನ್ ಉಚ್ಚಾರದ ‘ಕಿಯೆವ್’ ತೆಗೆದು ಉಕ್ರೇನಿಯನ್ ‘ಕೀವ್’ ಹಾಕಿ ಎಂದು ವರ್ಷಗಟ್ಟಲೆ ಮನವಿಗಳು ಬಂದವು. ಇಂಗ್ಲಿಷ್ ಬಳಕೆ ಮೊದಲು ಬದಲಾಗಲಿ, ಕಡತ ಅದರ ಹಿಂದೆ ಹೋಗುತ್ತದೆ ಎಂಬುದು ಪಟ್ಟಿಯವರ ಉತ್ತರ. ಕೊನೆಗೆ ಬದಲಾದದ್ದು 2022ರ ಆಗಸ್ಟಿನಲ್ಲಿ, ರಷ್ಯಾದ ಸೇನೆ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿಗಿಳಿದು ಆರು ತಿಂಗಳಾಗುತ್ತ ಬಂದಾಗ. ಈ ನಿಧಾನವನ್ನು ಹಲವರು ಹೇಡಿತನ ಎಂದರು. ನನಗೆ ಹಾಗನ್ನಿಸುವುದಿಲ್ಲ. ಎಲ್ಲರ ಗಡಿಯಾರವೂ ನೆಚ್ಚಿಕೊಂಡ ಕಡತವನ್ನು ಅವತ್ತಿನ ಪತ್ರಿಕೆ ಓದಿ ತಿದ್ದಲಾಗುವುದಿಲ್ಲ.

ಲೈಸೆನ್ಸುಗಳ ವಾಗ್ವಾದವನ್ನು ಬೇಗ ದಾಟಬಹುದು. ಓಪನ್ ಸೋರ್ಸ್ ಎಂದರೆ ಯಾರು ಬೇಕಾದರೂ ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು, ಯಾರ ವಿರುದ್ಧವೂ ತಾರತಮ್ಯ ಮಾಡುವಂತಿಲ್ಲ ಎಂದು 1990ರ ದಶಕದ ಕೊನೆಗೇ ನಿಯಮವಾಗಿತ್ತು. ಡಗ್ಲಸ್ ಕ್ರಾಕ್‌ಫರ್ಡ್ ತಮ್ಮ ಜೇಸಾನ್ ಕೋಡಿನ ಲೈಸೆನ್ಸಿನಲ್ಲಿ ಇದನ್ನು ಒಳ್ಳೆಯದಕ್ಕೆ ಬಳಸಬೇಕು, ಕೆಟ್ಟದ್ದಕ್ಕಲ್ಲ ಎಂದು ಒಂದು ಸಾಲು ಸೇರಿಸಿದಾಗ ಡೆಬಿಯನ್, ಫೆಡೋರಾದವರು ಅದು ಮುಕ್ತವಲ್ಲವೆಂದು ಬದಿಗಿಟ್ಟರು. ಮಾನವ ಹಕ್ಕು ಉಲ್ಲಂಘಿಸುವವರು ಬಳಸಬಾರದೆನ್ನುವ ‘ಹಿಪೊಕ್ರಾಟಿಕ್’ ಲೈಸೆನ್ಸ್ 2019ರಲ್ಲಿ ಬಂತು. ಅದೂ ಅಂಚಿನಲ್ಲೇ ಉಳಿಯಿತು.

ಅಷ್ಟರಲ್ಲಿ ನೆಲವೇ ಬದಲಾಗಿತ್ತು. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಪ್ರತಿಯೊಬ್ಬರ ಯಂತ್ರದಲ್ಲೂ ಇಡೀ ಕೋಡಿನ ಚರಿತ್ರೆ ಇರುವಂತೆ ಮಾಡಿತ್ತು. ಎಲ್ಲರೂ ಮಾಡಿದ್ದೇನು? ಆ ಕೋಡನ್ನೆಲ್ಲ ತಂದು ಗಿಟ್‌ಹಬ್ ಎಂಬ ಒಂದೇ ಕಂಪನಿಯ ಮನೆಯಲ್ಲಿಟ್ಟರು. 2018ರಲ್ಲಿ ಅದನ್ನು ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಕೊಂಡುಕೊಂಡಿತು. ಒಂದೇ ಬಾಗಿಲಾದ ಮೇಲೆ ಅದನ್ನು ತಟ್ಟುವುದು, ಮುಚ್ಚುವುದು ಎಲ್ಲ ಸರ್ಕಾರಗಳಿಗೂ ಸಲೀಸು. 2014ರ ಡಿಸೆಂಬರಿನಲ್ಲಿ ಐಸಿಸ್ ಪ್ರಚಾರ ಸಾಮಗ್ರಿಯ ಕಾರಣ ಕೊಟ್ಟು ಭಾರತ ಸರ್ಕಾರ ತಡೆಹಿಡಿಯಲು ಹೇಳಿದ 32 ತಾಣಗಳಲ್ಲಿ ಗಿಟ್‌ಹಬ್ಬೂ ಇತ್ತು. ದೇಶದ ಸಾಫ್ಟ್‌ವೇರ್ ಉದ್ಯಮ ದಿನಾ ಬಳಸುವ ತಾಣವದು ಎಂದು ಆ ಆದೇಶ ಬರೆದವರಿಗೆ ಹೊಳೆದಿರಲಿಕ್ಕಿಲ್ಲ. 2015ರ ಮಾರ್ಚಿನಲ್ಲಿ ಚೀನಾದ ಸೆನ್ಸಾರಿನಿಂದ ಪಾರಾಗಲು ನೆರವಾಗುವ ಗಿಟ್‌ಹಬ್ಬಿನ ಎರಡು ಪುಟಗಳ ಮೇಲೆ ಹಲವು ದಿನ ಸುಳ್ಳು ಸಂಪರ್ಕಗಳ ಸುರಿಮಳೆಯಾಯಿತು. 2019ರ ಜುಲೈನಲ್ಲಿ ಅಮೆರಿಕದ ದಿಗ್ಬಂಧನದ ನಿಯಮ ಪಾಲಿಸಲೆಂದು ಗಿಟ್‌ಹಬ್ ಇರಾನ್, ಸಿರಿಯಾ, ಕ್ರಿಮಿಯಾದ ಬಳಕೆದಾರರ ಖಾಸಗಿ ಕೋಡಿಗೆ ಬೀಗ ಹಾಕಿತು. ಇರಾನಿನವರಿಗೆ ಬಾಗಿಲು ಮತ್ತೆ ತೆರೆದದ್ದು 2021ರ ಜನವರಿಯಲ್ಲಿ, ಅಮೆರಿಕ ಸರ್ಕಾರದಿಂದ ಪರವಾನಗಿ ಸಿಕ್ಕಿದ ಮೇಲೆ.

ಅದೇ ಬಾಗಿಲು ಆಸರೆಯೂ ಆದದ್ದುಂಟು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು, ವಾರಕ್ಕೆ ಆರು ದಿನ ದುಡಿಸುವ ಪದ್ಧತಿಯ ವಿರುದ್ಧ ಚೀನಾದ ಪ್ರೋಗ್ರಾಮರುಗಳು 2019ರ ಮಾರ್ಚಿನಲ್ಲಿ ‘996.ಐಸಿಯು’ ಎಂಬ ಪುಟ ತೆರೆದದ್ದು ಗಿಟ್‌ಹಬ್ಬಿನಲ್ಲೇ. ಹೀಗೆ ದುಡಿದರೆ ಕೊನೆಗೆ ಐಸಿಯುಗೆ ಎಂಬ ವ್ಯಂಗ್ಯ ಅದರಲ್ಲಿದೆ. ಚೀನಾದ ಬ್ರೌಸರುಗಳು ಆ ಪುಟವನ್ನು ತಡೆದವು, ಆದರೆ ಗಿಟ್‌ಹಬ್ಬನ್ನೇ ಪೂರ್ತಿ ಮುಚ್ಚುವುದು ಸರ್ಕಾರಕ್ಕೂ ಕಷ್ಟ: ಅಲ್ಲಿನ ಉದ್ಯಮವೂ ಅದರ ಮೇಲೇ ನಿಂತಿದೆ. ಎರಡು ವರ್ಷದ ಮೇಲೆ, 2021ರ ಆಗಸ್ಟಿನಲ್ಲಿ, ಚೀನಾದ ಸುಪ್ರೀಂ ನ್ಯಾಯಾಲಯ ಆ ಪದ್ಧತಿ ಕಾನೂನುಬಾಹಿರ ಎಂದಿತು.

ಭಾರತದ ರಾಜಕೀಯವೂ ಅಲ್ಲಿಗೆ ಬಂತು. ಕೋವಿಡ್ ಕಾಲದ ಆರೋಗ್ಯ ಸೇತು ಆ್ಯಪಿನ ಕೋಡು ತೋರಿಸಿ ಎಂಬ ಒತ್ತಾಯ ಜೋರಾದಾಗ ಸರ್ಕಾರ 2020ರ ಮೇ ಕೊನೆಗೆ ಆಂಡ್ರಾಯ್ಡ್ ಆವೃತ್ತಿಯ ಕೋಡನ್ನು ಗಿಟ್‌ಹಬ್ಬಿನಲ್ಲಿ ಬಿಡುಗಡೆ ಮಾಡಿತು. ಸರ್ವರಿನ ಕೋಡು ಎಲ್ಲಿ ಎಂಬ ಪ್ರಶ್ನೆ ಕೂಡಲೇ ಬಂತು. ಮುಂದಿನದು ಅಸಹ್ಯದ ಅಧ್ಯಾಯ. 2021ರ ಜುಲೈನಲ್ಲಿ ಒಮ್ಮೆ, 2022ರ ಹೊಸ ವರ್ಷದ ದಿನ ಮತ್ತೊಮ್ಮೆ ಮುಸ್ಲಿಂ ಮಹಿಳೆಯರ ಫೋಟೋಗಳನ್ನು ಹರಾಜಿಗಿಟ್ಟಂತೆ ತೋರಿಸುವ ಆ್ಯಪುಗಳನ್ನು ಅಲ್ಲೇ ಇರಿಸಲಾಗಿತ್ತು. ಎರಡನೆಯ ಪ್ರಕರಣದಲ್ಲಿ ಮುಂಬೈ ಪೊಲೀಸರು ಮೊದಲು ಹಿಡಿದವರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ 21ರ ಹುಡುಗನಿದ್ದ. ಕೋಡು ಹಂಚಿಕೊಳ್ಳಲು ಕಟ್ಟಿದ ತಾಣವನ್ನು ಒಂದು ಧರ್ಮದ ಹೆಂಗಸರನ್ನು ಹೀಯಾಳಿಸಲು ಬಳಸಿದಾಗ, ಅದು ತಾಂತ್ರಿಕ ವೇದಿಕೆ ಮಾತ್ರ ಎಂಬ ಮಾತಿಗೆ ಬೆಲೆ ಉಳಿಯುವುದಿಲ್ಲ.

ಬೋರ್ಡನ್ನು ಅಕ್ಷರಶಃ ಮತ್ತೆ ಹಾಕಲು ಹೋದವರೂ ಇದ್ದಾರೆ. ವೆಬ್ ತಾಣ ಕಟ್ಟುವ ಚೌಕಟ್ಟಾದ ರೂಬಿ ಆನ್ ರೈಲ್ಸ್ ಹುಟ್ಟಿದ ಕಂಪನಿ ಬೇಸ್‌ಕ್ಯಾಂಪ್ 2021ರ ಏಪ್ರಿಲಿನಲ್ಲಿ ಆಫೀಸಿನ ಚರ್ಚೆಗಳಲ್ಲಿ ರಾಜಕೀಯ ಕೂಡದೆಂದಿತು. ಕೆಲವೇ ದಿನಗಳಲ್ಲಿ ಸುಮಾರು ಮೂರನೇ ಒಂದು ಭಾಗ ನೌಕರರು ಕೆಲಸ ಬಿಟ್ಟರು. ಆ ನಿಯಮ ತಂದವರಲ್ಲೊಬ್ಬರಾದ, ರೈಲ್ಸಿನ ಕರ್ತೃ ಡೇವಿಡ್ ಹೈನಮೈಯರ್ ಹಾನ್ಸನ್ 2025ರಲ್ಲಿ ಲಂಡನ್ನಿನ ವಲಸಿಗರ ಕುರಿತು ಬರೆದ ಬರಹದಿಂದ ರೈಲ್ಸ್ ಬಳಗವೇ ಎರಡು ಪಾಲಾಯಿತು. ಅವರಿಲ್ಲದ ರೈಲ್ಸ್ ಬೇಕೆಂದು ಬಹಿರಂಗ ಪತ್ರವೂ ಬಂತು.

ನಿಜವಾದ ಆಘಾತ 2022ರ ಮಾರ್ಚಿನದು. ಜಾವಾಸ್ಕ್ರಿಪ್ಟಿನಲ್ಲಿ ಒಂದು ಪ್ಯಾಕೇಜ್ ಇನ್ನೊಂದನ್ನು, ಅದು ಮತ್ತೊಂದನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ. ವಾರಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ಡೌನ್‌ಲೋಡ್ ಆಗುತ್ತಿದ್ದ ‘ನೋಡ್-ಐಪಿಸಿ’ ಎಂಬ ಪ್ಯಾಕೇಜಿಗೆ ಅದರ ಕರ್ತೃ ಯುದ್ಧ ವಿರೋಧಿಸಿ ಸಣ್ಣ ಕೋಡು ಸೇರಿಸಿದರು. ಓದಿದರೆ ತಿಳಿಯದಂತೆ ಮರೆಮಾಚಿದ ಆ ಕೋಡು, ಯಂತ್ರದ ವಿಳಾಸ ರಷ್ಯಾ ಅಥವಾ ಬೆಲಾರೂಸಿನದ್ದಾದರೆ ಅದರಲ್ಲಿದ್ದ ಕಡತಗಳನ್ನು ಅಳಿಸಿ ಅವುಗಳ ಜಾಗದಲ್ಲಿ ಒಂದು ಹೃದಯದ ಚಿಹ್ನೆ ಬರೆಯುತ್ತಿತ್ತು. ಬೇಗನೆ ತೆಗೆದರು, ಬದಲಿಗೆ ಶಾಂತಿಯ ಸಂದೇಶವಿರುವ ಕಡತವನ್ನು ಡೆಸ್ಕ್‌ಟಾಪಿನಲ್ಲಿ ಇಡುವ ಆವೃತ್ತಿ ಬಂತು. ‘ಇಎಸ್5-ಎಕ್ಸ್‌ಟಿ’ ಎಂಬ ಇನ್ನೊಂದು ಪ್ಯಾಕೇಜ್ ಅಷ್ಟು ಕ್ರೂರವಾಗಿರಲಿಲ್ಲ. ಅದು ಯಂತ್ರದ ಟೈಮ್ ಝೋನ್ ನೋಡಿ, ರಷ್ಯಾದ್ದಾದರೆ ಯುದ್ಧದ ಬಗ್ಗೆ ರಷ್ಯನ್ ಭಾಷೆಯಲ್ಲಿ ಒಂದು ಹೇಳಿಕೆ ತೋರಿಸುತ್ತಿತ್ತು. ರಾಜಕೀಯ ತಪ್ಪಿಸಲೆಂದು ದೇಶದ ಹೆಸರು ಬಿಟ್ಟ ಪಟ್ಟಿಯೇ ಇಲ್ಲಿ ದೇಶ ಗುರುತಿಸುವ ಗುರುತಿನ ಚೀಟಿಯಾಯಿತು. ಸದ್ಯಕ್ಕೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಡಿ ಎಂದು ರಷ್ಯಾದ ಸ್ಬೇರ್‌ಬ್ಯಾಂಕ್ ಗ್ರಾಹಕರಿಗೆ ಹೇಳಿತು. ಯುದ್ಧವನ್ನು ವಿರೋಧಿಸುವ ಹಕ್ಕಿನ ಬಗ್ಗೆ ನನ್ನ ತಕರಾರಿಲ್ಲ. ಐಪಿ ವಿಳಾಸ ನೋಡಿ ಶತ್ರುವನ್ನು ತೀರ್ಮಾನಿಸುವ ಕೋಡಿಗೆ ಮಾಸ್ಕೋದ ಯುದ್ಧವಿರೋಧಿಯೂ ಸೇನಾಧಿಕಾರಿಯೂ ಒಂದೇ.

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ಲಿನಲ್ಲಿ ‘ಮೇಂಟೇನರ್ಸ್’ ಎಂಬ ಸಾದಾ ಪಠ್ಯದ ಕಡತವಿದೆ. ಯಾವ ಡ್ರೈವರಿಗೆ ಯಾರು ಜವಾಬ್ದಾರರೆಂದು ‘ಎಂ’ ಅಕ್ಷರದ ಮುಂದೆ ಹೆಸರು, ಇಮೇಲು ಬರೆದಿರುತ್ತದೆ. ಇಲ್ಲಿ ಹೆಸರು ಬರಲು ವರ್ಷಗಟ್ಟಲೆ ಕೆಲಸ ಮಾಡಿ ನಂಬಿಕೆ ಗಳಿಸಬೇಕು. 2024ರ ಅಕ್ಟೋಬರಿನಲ್ಲಿ ಕರ್ನಲ್ಲಿನ ಹಿರಿಯ ಉಸ್ತುವಾರಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಕಳಿಸಿದ ಒಂದು ಪ್ಯಾಚ್ ಸುಮಾರು ಹನ್ನೆರಡು ಹೆಸರುಗಳನ್ನು ತೆಗೆದುಹಾಕಿತು. ಹೆಚ್ಚಿನವು ರಷ್ಯಾದ ಇಮೇಲುಗಳು. ಕೊಟ್ಟ ಕಾರಣ ಒಂದೇ ವಾಕ್ಯ: ನಿಯಮ ಪಾಲನೆಯ ಅಗತ್ಯಗಳು. ದಾಖಲೆ ಒದಗಿಸಿದರೆ ಮರಳಿ ಬರಬಹುದು ಎಂಬ ಮಾತಿತ್ತು, ಯಾವ ದಾಖಲೆ ಎಂಬುದಿರಲಿಲ್ಲ. ಪ್ರಶ್ನಿಸಿದವರಿಗೆ ಲಿನಕ್ಸಿನ ಕರ್ತೃವೂ ಆದ ಟೊರ್ವಾಲ್ಡ್ಸ್, ತಾನು ಫಿನ್ಲೆಂಡಿನವನು, ರಷ್ಯಾದ ಆಕ್ರಮಣವನ್ನು ಬೆಂಬಲಿಸುತ್ತೇನೆಂದುಕೊಂಡಿರಾ ಎಂದು ಗದರಿದರು. ಅಮೆರಿಕದ ದಿಗ್ಬಂಧನ ಪಟ್ಟಿಯಲ್ಲಿರುವ ಕಂಪನಿಗಳ ನೌಕರರಿಗೆ ಇದು ಅನ್ವಯವೆಂಬ ವಿವರಣೆ ಇನ್ನೊಬ್ಬ ಉಸ್ತುವಾರಿ ಜೇಮ್ಸ್ ಬಾಟಮ್ಲಿ ಅವರಿಂದ ಬಂದದ್ದು ಗದ್ದಲವೆದ್ದು ದಿನಗಳಾದ ಮೇಲೆ. ಹೆಸರು ಕಳೆದುಕೊಂಡ ಒಬ್ಬರು ಕಹಿಯಿಲ್ಲದ ಉದ್ದನೆಯ ವಿದಾಯಪತ್ರ ಬರೆದರು. ಅವರು ಬರೆದ ಕೋಡು ಕರ್ನಲ್ಲಿನಲ್ಲೇ ಇದೆ, ಅದನ್ನು ಯಾರೂ ತೆಗೆಯಲಿಲ್ಲ. ಲೈಸೆನ್ಸು ಕೋಡಿಗೆ ಕೊಟ್ಟ ಸ್ವಾತಂತ್ರ್ಯವನ್ನು ಕೋಡು ಬರೆದವನ ಸ್ಥಾನಕ್ಕೆ ಕೊಟ್ಟಿರಲಿಲ್ಲ. ಕಾನೂನು ಪಾಲಿಸಬೇಕಾದದ್ದು ಹೌದು. ಮೊದಲ ದಿನವೇ ಕಾರಣ ಬಿಡಿಸಿ ಹೇಳಿದ್ದರೆ ಗದ್ದಲ ಅರ್ಧ ತಗ್ಗುತ್ತಿತ್ತು.

ಇಂಥದ್ದನ್ನು ಮೊದಲೇ ಊಹಿಸಿದವರು ಮನೆ ಬದಲಿಸಿದ್ದಾರೆ. ಯಾರು ಬೇಕಾದರೂ ಬಳಸಬಹುದಾದ ಪ್ರೊಸೆಸರ್ ವಿನ್ಯಾಸ ರಿಸ್ಕ್-ಫೈವ್‌ನ ಸಂಸ್ಥೆ 2020ರಲ್ಲಿ ಅಮೆರಿಕದಿಂದ ಸ್ವಿಟ್ಜರ್ಲೆಂಡಿಗೆ ಹೋಯಿತು. ಚೀನಾ ತನ್ನದೇ ಗಿಟೀ ತಾಣವನ್ನು ಬೆಳೆಸಿತು. ಅಲ್ಲಿ 2022ರ ಮೇ ತಿಂಗಳಿನಿಂದ ಕೋಡು ಎಲ್ಲರಿಗೂ ಕಾಣುವ ಮೊದಲು ಪರಿಶೀಲನೆಗೆ ಒಳಪಡಬೇಕು. ರಿಸ್ಕ್-ಫೈವ್‌ಗೆ ಊರು ಬದಲಿಸಿದ್ದರಿಂದ ಪೂರ್ತಿ ಬಿಡುಗಡೆಯೇನೂ ಸಿಗಲಿಲ್ಲ: ಅಮೆರಿಕದ ಕಂಪನಿಗಳು ಅದರಲ್ಲಿ ಚೀನಾದವರೊಂದಿಗೆ ಕೈಜೋಡಿಸುವುದನ್ನು ತಡೆಯಿರಿ ಎಂದು 2023ರಲ್ಲೇ ಅಲ್ಲಿನ ಕೆಲವು ಸಂಸದರು ಸರ್ಕಾರದ ಮೇಲೆ ಒತ್ತಡ ಹಾಕಿದ್ದರು. ಈ ಎಳೆದಾಟ ನಮಗೂ ದೂರದ್ದಲ್ಲ: ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕಿನ ವೇಗ ಎರಡೂ ಪ್ರೊಸೆಸರುಗಳು ನಿಂತಿರುವುದು ಇದೇ ರಿಸ್ಕ್-ಫೈವ್ ಮೇಲೆ.