ಹೆಬ್ಬಾಳದ ಕಾವಲು

ಬೆಂಗಳೂರಿನ ಉತ್ತರ ಭಾಗದಲ್ಲಿ ಮನೆ ಹುಡುಕುವವರು ಮೊದಲು ವಿಚಾರಿಸುವುದು ಎರಡೇ ಸಂಗತಿ: ನೀರು ಬರುತ್ತದೆಯೆ? ಕಳ್ಳಕಾಕರ ಭಯವಿದೆಯೆ? ಯಲಹಂಕವಾಗಲಿ, ಯಶವಂತಪುರವಾಗಲಿ, ರವೀಂದ್ರನಾಥ ಟ್ಯಾಗೋರರ ಹೆಸರನ್ನು ‘ಆರ್.ಟಿ.’ ಎಂದು ಮೊಟಕುಮಾಡಿಕೊಂಡ ಬಡಾವಣೆಯಾಗಲಿ, ಪ್ರಶ್ನೆ ಒಂದೇ. ಈ ಆತಂಕವೆಲ್ಲ ನಮ್ಮ ಕಾಲದ್ದು, ಹಿಂದಿನವರು ಬಾಗಿಲಿಗೆ ಅಗುಳಿ ಹಾಕದೆ ಮಲಗುತ್ತಿದ್ದರು ಎಂದು ಹೇಳುವವರನ್ನು ಕಂಡಾಗಲೆಲ್ಲ ನನಗೆ ಹೆಬ್ಬಾಳದ ಒಂದು ಕಲ್ಲು ನೆನಪಾಗುತ್ತದೆ.

2018ರಲ್ಲಿ ಬೆಳಕಿಗೆ ಬಂದ ಆ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು; ಸುಮಾರು ಕ್ರಿ.ಶ. 750ರದೆಂದು ವಿದ್ವಾಂಸರ ಮತ. ಪೆರ್ಬೊಳಲ್ನಾಡು ಮೂವತ್ತರ ಮೇಲೆ ರಟ್ಟವಾಡಿಯವರು, ಎಂದರೆ ರಾಷ್ಟ್ರಕೂಟರ ಕಡೆಯವರು, ಏರಿಬಂದಾಗ ಕಿಟ್ಟಯ್ಯನೆಂಬವನು ಕಾದಿ ಮಡಿದನೆಂಬುದು ಅದರ ಸಾರ. ‘ಪೆರ್’ ಎಂದರೆ ಹಿರಿದು, ‘ಪೊಳಲ್’ ಎಂದರೆ ಪಟ್ಟಣ. ಪಕಾರ ಹಕಾರವಾಗಿ ಇಂದಿನ ಹೆಬ್ಬಾಳ ದೊರೆಯುತ್ತದೆ. ಬೆಂಗಳೂರೆಂಬ ಹೆಸರು ಕಾಣಿಸುವ ಬೇಗೂರಿನ ಶಾಸನವಾದರೂ, ಸುಮಾರು 890ರದು, ಬೆಂಗಳೂರಿನ ಕಾಳಗದಲ್ಲಿ ಸತ್ತವನೊಬ್ಬನ ನೆನಪೇ. ನಮ್ಮ ಊರುಗಳು ಚರಿತ್ರೆಯೊಳಗೆ ಕಾಲಿಟ್ಟದ್ದು ಹೀಗೆ, ಸಾವಿನ ಲೆಕ್ಕದಲ್ಲಿ. ಅಗುಳಿಯಿಲ್ಲದ ಬಾಗಿಲಿನ ಮಾತನ್ನು ನಾನು ನಂಬಲಾರೆ.

ದಂಡಿನ ಮಾತು ಹಾಗಿರಲಿ. ದಿನನಿತ್ಯದ ಕಳವು, ದನಗಳ್ಳತನಗಳಿಗೆ ಹಳ್ಳಿಯಲ್ಲಿ ಬೇರೊಂದು ಏರ್ಪಾಡಿತ್ತು. ಊರಿನ ಆಯಗಾರರಲ್ಲಿ ತಳವಾರನೂ ಒಬ್ಬ. ಅಪರಾಧಗಳ ಸುಳಿವು ಹಿಡಿಯುವುದು, ಊರಿಂದೂರಿಗೆ ಹೋಗುವ ದಾರಿಹೋಕರಿಗೆ ಬೆಂಗಾವಲಾಗುವುದು ಅವನ ಹೊಣೆ. ತೋಟಿ ಪೈರು ಕಾಯುತ್ತಿದ್ದ. ನೀರಗಂಟಿ ಕೆರೆಯ ತೂಬು ತೆರೆದು ಪಾಲುಪಾಲಾಗಿ ನೀರು ಬಿಡುತ್ತಿದ್ದ. ಇವರಿಗೆ ಸಂಬಳವಿಲ್ಲ, ಕಣದಲ್ಲಿ ಸಿಗುವ ಆಯ, ಅಲ್ಲವೆ ತುಂಡು ಇನಾಮು ಭೂಮಿ. ಮನೆ ಹುಡುಕುವವರ ಇಂದಿನ ಎರಡು ಪ್ರಶ್ನೆಗಳಿಗೂ ಅಂದು ಉತ್ತರ ಹೇಳಬೇಕಾದವರು ಇವರೇ. ಸೊಗಸಾದ ವ್ಯವಸ್ಥೆಯೆಂದು ಹೊಗಳುವ ಮುನ್ನ ಒಂದು ಮಾತು. ಊರಿನ ಪೈರನ್ನು ಕಾಯುತ್ತಿದ್ದ ತೋಟಿಯ ಗುಡಿಸಲು ಸಾಮಾನ್ಯವಾಗಿ ಊರಾಚೆಗಿನ ಕೇರಿಯಲ್ಲಿ. ಊರ ಬಾವಿಯ ನೀರಿಗೂ ಅವನು ಬಾಧ್ಯನಲ್ಲ. ಚಾಕರಿ ವಂಶಪಾರಂಪರ್ಯವಾದುದರಿಂದ ಮಗನಿಗೂ ಬಿಡುಗಡೆಯಿಲ್ಲ.

ಆ ಬಿಡುಗಡೆ ಕಾಯಿದೆಯ ಮೂಲಕ ಬಂತು. ಗ್ರಾಮ ಹುದ್ದೆಗಳನ್ನು ರದ್ದುಗೊಳಿಸುವ 1961ರ ಶಾಸನ ಜಾರಿಗೆ ಬಂದದ್ದು 1963ರ ಫೆಬ್ರವರಿಯಲ್ಲಿ. ಇನಾಮು ಭೂಮಿಯನ್ನು ಅನುಭವದಲ್ಲಿದ್ದವರಿಗೇ ಮರುಮಂಜೂರು ಮಾಡಲು ಅದರಲ್ಲಿ ಅವಕಾಶವಿತ್ತು. ಕಾಕತಾಳೀಯವೆನ್ನಿ, ಬೆಂಗಳೂರಿಗೆ ಪೊಲೀಸ್ ಕಮಿಷನರರ ಆಡಳಿತ ಬಂದದ್ದೂ ಅದೇ 1963ರಲ್ಲಿ. ತಳವಾರ ಹೋದ, ಠಾಣೆ ಬಂತು. ಇದನ್ನು ನಷ್ಟವೆಂದು ನಾನು ಎಣಿಸುವುದಿಲ್ಲ. ಠಾಣೆಯ ಮೆಟ್ಟಿಲನ್ನು ಯಾವ ಕೇರಿಯವನಾದರೂ ಹತ್ತಬಹುದು, ಕನಿಷ್ಠ ಪಕ್ಷ ಕಾನೂನಿನ ಪ್ರಕಾರ.

ನೀರಗಂಟಿಯ ಸ್ಥಾನ ಮಾತ್ರ ಬಹುಕಾಲ ಬರಿದಾಗಿಯೇ ಉಳಿಯಿತು. ಗದ್ದೆಗಳು ನಿವೇಶನಗಳಾದಂತೆ ತೂಬಿನ ಕೆಲಸ ನಿಂತಿತು. ಕೆರೆಗೆ ಮಳೆನೀರಿನ ಜೊತೆಗೆ ಬಚ್ಚಲ ನೀರೂ ಹರಿಯಿತು. ಕೆರೆಗಳನ್ನು ಉಳಿಸುವ ಬಗೆಯನ್ನು ಹೇಳಲು 1980ರ ದಶಕದಲ್ಲಿ ಲಕ್ಷ್ಮಣರಾವ್ ಸಮಿತಿಯೇ ಬೇಕಾಯಿತು.

ಇಂದು ಹೆಬ್ಬಾಳದ ಬಹುಮಹಡಿ ಕಟ್ಟಡಗಳ ಬಾಗಿಲಲ್ಲಿ ರಾತ್ರಿಯಿಡೀ ಎಚ್ಚರವಿರುವ ಕಾವಲುಗಾರರಲ್ಲಿ ಅನೇಕರು ದೂರದ ಸೀಮೆಗಳಿಂದ ಬಂದವರು. ತಿಂಗಳ ಸಂಬಳವಿದೆ, ಸಮವಸ್ತ್ರವಿದೆ. ಬೆಳಗಾದ ಮೇಲೆ ಅವರು ಮಲಗುವುದೆಲ್ಲಿ, ಅಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆಯೆ ಎಂದು ಮೇಲಿನ ಮಹಡಿಯವರು ವಿಚಾರಿಸಿದ್ದನ್ನು ನಾನು ಹೆಚ್ಚಾಗಿ ಕೇಳಿಲ್ಲ.