ಗರ ಬಿದ್ದ ಮೇಲೆ
ಆಟದ ನಿಯಮಗಳನ್ನು ಹೋಲಿಸುವಾಗ ದಾಳವಿದೆಯೇ ಎಂದಲ್ಲ, ಗರ ಬಿದ್ದ ಮೇಲೆ ಆಟಗಾರನಿಗೆ ಏನು ಉಳಿಯುತ್ತದೆ ಎಂದು ಕೇಳಬೇಕು. ಪರಮಪದ ಸೋಪಾನಪಟದಲ್ಲಿ ಏನೂ ಉಳಿಯದು. ಹಾವು, ಏಣಿ ಎರಡೂ ದಾಳದ ಪಾಲು. ಅಳಗುಳಿಮಣೆಯ 14 ಗುಳಿಗಳಲ್ಲಿ ಅದೃಷ್ಟಕ್ಕೇ ಜಾಗವಿಲ್ಲ. ಚೌಕಾಬಾರ ನಡುವಿನದು: ಗರ ಕವಡೆಯದು, ಯಾವ ಕಾಯಿ ನಡೆಸಬೇಕೆಂಬುದು ನಮ್ಮದು.

1977ರ ಅಮೆರಿಕದ ವೈಜ್ಞಾನಿಕ ಕಲ್ಪನೆಯ ಪಾತ್ರಾಭಿನಯದ ಆಟ ‘ಟ್ರಾವೆಲರ್’ ಚೌಕಾಬಾರದ ಸಾಲಿನದೇ. ಯಶಸ್ಸಿಗೆ ಸಾಮಾನ್ಯವಾಗಿ ಬೇಕಾದಂತೆ ಎರಡು ದಾಳದಲ್ಲಿ 8 ಅಥವಾ ಹೆಚ್ಚು ಬೀಳುವ ಸಾಧ್ಯತೆ 36ರಲ್ಲಿ 15. ಪರಿಣತಿಯ ಅಂಕ ಕೂಡಿದರೆ ಅದು ಏರುತ್ತದೆ, ಯಾವ ಸಾಹಸಕ್ಕೆ ಇಳಿಯಬೇಕೆಂಬುದು ಆಟಗಾರನದು. ಅಲ್ಲಿ ಕಥೆಯಿದೆ, ನಮ್ಮಲ್ಲಿಲ್ಲ ಎಂಬ ಆಕ್ಷೇಪ ನಿಲ್ಲದು: ಪರಮಪದದ ಮನೆಗಳಲ್ಲೂ ಪಾಪಪುಣ್ಯದ ಕಥೆಯಿದೆ, ಆಯ್ಕೆಯಿಲ್ಲ. ನಿಯಮಗಳನ್ನು ಬೇರ್ಪಡಿಸುವುದು ಕಥೆಯಲ್ಲ, ಆಯ್ಕೆ.